ಸಿದ್ದಲಕ್ಷ್ಮಮ್ಮ ಒತ್ತದ ಕೀ

ಸಿದ್ದಲಕ್ಷ್ಮಮ್ಮ ಮೂವತ್ತೊಂದು ವರ್ಷ ಹಳ್ಳಿಗಳಲ್ಲಿ ಸರ್ಕಾರಿ ನರ್ಸಮ್ಮ ಆಗಿದ್ದವರು. ಮೊದಲು ಗುಬ್ಬಿ ತಾಲ್ಲೂಕು, ಆಮೇಲೆ ಕುಣಿಗಲ್ ತಾಲ್ಲೂಕು. ಹೆರಿಗೆ ಮಾಡಿಸುವುದೇ ಅವರ ಮುಖ್ಯ ಕೆಲಸ. ನಿವೃತ್ತಿಯಾದ ಮೇಲೆ ತುಮಕೂರಿನ ಕ್ಯಾತ್ಸಂದ್ರದಲ್ಲಿ ಮಗ ನಾಗಭೂಷಣ್ ಮತ್ತು ಸೊಸೆ ತ್ರಿವೇಣಿಯ ಜೊತೆ ಇದ್ದರು. 2005ರ ಬೇಸಿಗೆಯಲ್ಲಿ ಮನೆಗೆ ಕಂಪ್ಯೂಟರ್ ಬಂದಾಗ ಅವರಿಗೆ ಅರವತ್ತು ವರ್ಷ. ಮೊದಮೊದಲು ಅದರ ಮೇಲಿನ ಧೂಳು ಒರೆಸುವುದಕ್ಕೂ ಹೆದರುತ್ತಿದ್ದರು.

ಟೈಪ್ ಮಾಡಲು ಕಲಿಸಿದವನು ನಾಗಭೂಷಣನೇ. ಅವನು ಶಿರಾ ಗೇಟ್ ಹತ್ತಿರ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು. ದಿನಕ್ಕೆ ನಾಲ್ಕು ಬ್ಯಾಚು. ಕ್ಯಾತ್ಸಂದ್ರದ ಅರ್ಧ ಊರು ಕಂಪ್ಯೂಟರ್ ಕೆಟ್ಟರೆ ಅವನನ್ನೇ ಕರೆಯುತ್ತಿತ್ತು. ಮಗ ಹೀಗೆ ಬೇಕಾದವನಾಗಿರುವುದು ತಾಯಿಗೆ ಹೆಮ್ಮೆಯ ವಿಷಯ. ಅವನಿಗೂ.

ಸಿದ್ದಲಕ್ಷ್ಮಮ್ಮ ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ತಮ್ಮ ಹೆರಿಗೆಗಳನ್ನು ಬರೆಯತೊಡಗಿದರು. ಹಳೆಯ ರಿಜಿಸ್ಟರುಗಳಲ್ಲಿ ತಾಯಿಯ ಹೆಸರು, ಊರು, ತಾರೀಕು, ಮಗುವಿನ ತೂಕ ಇಷ್ಟೇ ಇರುತ್ತಿತ್ತು. ಅವರು ಬರೆದದ್ದು ಅಲ್ಲಿ ಇಲ್ಲದ್ದನ್ನು. ಆ ಹೊತ್ತಿನಲ್ಲಿ ಯಾರು ನೀರು ಕಾಯಿಸಿದರು, ಯಾರು ಬಾಗಿಲಲ್ಲಿ ಅಳುತ್ತಾ ಕೂತಿದ್ದರು, ತಾಯಿ ಮೊದಲ ಮಾತು ಏನಾಡಿದಳು. ಬೆಳಿಗ್ಗೆ ಮನೆಗೆಲಸ ಮುಗಿಸಿ ಹತ್ತು ಗಂಟೆಗೆ ಕೂತರೆ ಊಟದ ಹೊತ್ತಿಗೆ ಮುಕ್ಕಾಲು ಪುಟ ಆಗುತ್ತಿತ್ತು. ಆ ವರ್ಷದ ಕೊನೆಗೆ ಎಪ್ಪತ್ತೊಂದು ಹೆರಿಗೆಗಳಾದವು. ಸುದ್ದಿ ಹೇಗೋ ಹಳ್ಳಿಗಳಿಗೂ ಮುಟ್ಟಿ, ಗುಬ್ಬಿ ಕಡೆಯ ನಾಲ್ಕು ಜನ ಹೆಂಗಸರು ಮನೆಯವರೆಗೆ ಬಂದು ತಂತಮ್ಮ ಹೆರಿಗೆಯ ಪುಟವನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದರು.

ಸಿದ್ದಲಕ್ಷ್ಮಮ್ಮನಿಗೆ ಬೇರೆಯದೇ ಒಂದು ಅಕೌಂಟ್ ಇತ್ತು. ಕಂಪ್ಯೂಟರ್ ಆನ್ ಮಾಡಿದಾಗ ಮೂರು ಹೆಸರುಗಳು ಬರುತ್ತಿದ್ದವು: ಅಮ್ಮ, ತ್ರಿವೇಣಿ, ನಾಗಭೂಷಣ್. ಮೊದಲಿನ ಎರಡು ಲಿಮಿಟೆಡ್ ಅಕೌಂಟು. ಅದರಲ್ಲಿ ಕೂತವರು ತಮ್ಮ ಕೆಲಸ ಮಾಡಿಕೊಳ್ಳಬಹುದು, ಹೊಸ ಸಾಫ್ಟ್‌ವೇರ್ ಹಾಕುವಂತಿಲ್ಲ, ಇನ್ನೊಬ್ಬರ ಫೈಲು ಮುಟ್ಟುವಂತಿಲ್ಲ. ಮೂರನೆಯದು ಅಡ್ಮಿನಿಸ್ಟ್ರೇಟರ್. ಅದಕ್ಕೆ ಎಲ್ಲ ಅಧಿಕಾರವೂ ಇತ್ತು.

"ನನ್ನಿಂದ ಏನಾದ್ರೂ ಕೆಟ್ಟೋದ್ರೆ ಏನೋ ಮಾಡೋದು?" ಎಂದು ಮೊದಲ ದಿನವೇ ಸಿದ್ದಲಕ್ಷ್ಮಮ್ಮ ಕೇಳಿದ್ದರು.

"ನೀನು ಕೆಡಿಸ್ತೀನಿ ಅಂದ್ರೂ ಆಗಲ್ಲಮ್ಮ. ನಿನ್ ಬರವಣಿಗೆ ಬೇಕಾದ್ರೆ ಅಳಿಸ್ಕೋಬೋದು, ಅಷ್ಟೇ. ನಮ್ಮದಕ್ಕೆಲ್ಲ ಏನೂ ಆಗಲ್ಲ" ಎಂದಿದ್ದ ಅವನು.

ತರಗತಿಯಲ್ಲಿ ಅವನು ಇದನ್ನು ಚೆನ್ನಾಗಿ ಹೇಳುತ್ತಿದ್ದ. ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಆಗಿ ಕೂರಬೇಡಿ, ನಿಮಗೂ ಒಂದು ಲಿಮಿಟೆಡ್ ಅಕೌಂಟ್ ಮಾಡಿಕೊಳ್ಳಿ, ಏನಾದರೂ ಹೊಸದು ಹಾಕುವಾಗ ಮಾತ್ರ ಆ ಕಡೆ ಹೋಗಿ ಬನ್ನಿ. ನೀವು ಯಾವ ಅಧಿಕಾರದಲ್ಲಿ ಕೂತಿರುತ್ತೀರೋ ಒಳಗೆ ಬಂದ ವೈರಸ್ಸಿಗೂ ಅದೇ ಅಧಿಕಾರ ಸಿಗುತ್ತದೆ. ವಾರಕ್ಕೊಮ್ಮೆ ಮುಖ್ಯವಾದದ್ದನ್ನು ಸಿಡಿಗೆ ಹಾಕಿ ಇಟ್ಟುಕೊಳ್ಳಿ. ಹೀಗೆ ಹೇಳಿ ಬರೆಸುತ್ತಿದ್ದ. ಮನೆಯಲ್ಲಿ ಮಾತ್ರ ಅವನು ಪೇಪರ್ ಓದುವುದಕ್ಕೂ, ಮೇಲ್ ನೋಡುವುದಕ್ಕೂ, ಹಾಡು ಕೇಳುವುದಕ್ಕೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಿದ್ದ. ಸಲಸಲಕ್ಕೂ ಆ ಕಡೆ ಈ ಕಡೆ ಹೋಗಿಬರುವುದು ಅವನಿಗೆ ರಗಳೆ. ಆ ನಿಯಮವೆಲ್ಲ ಗೊತ್ತಿಲ್ಲದವರಿಗೆ ಎಂದು ಅವನ ಎಣಿಕೆ. ಸಿಡಿಗೆ ಹಾಕುವ ಕೆಲಸವೂ ನಾಳೆ ನಾಳೆ ಎಂದು ಉಳಿದೇ ಹೋಗಿತ್ತು.

2006ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅವನಿಗೊಂದು ತುರ್ತು ಬಂತು. ತರಬೇತಿ ಕೇಂದ್ರದ ವಾರ್ಷಿಕೋತ್ಸವದ ವಿಡಿಯೋವನ್ನು ಕತ್ತರಿಸಿ ಜೋಡಿಸಿ ಕೊಡಬೇಕಿತ್ತು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಮೂವತ್ತು ದಿನ ಪುಕ್ಕಟೆ ಓಡಿ ನಿಂತುಹೋಗಿತ್ತು. ಕೊಂಡುಕೊಳ್ಳುವ ಬದಲು ಅವನು ಇಂಟರ್ನೆಟ್ಟಿನಲ್ಲಿ ಹುಡುಕಿ, ಬೀಗ ಒಡೆಯುವ ಒಂದು ಚಿಕ್ಕ ಫೈಲನ್ನು ಇಳಿಸಿಕೊಂಡ. ಕ್ಲಿಕ್ ಮಾಡಿದ ತಕ್ಷಣ ಆಂಟಿವೈರಸ್ ಕೆಂಪು ಚೌಕ ತೋರಿಸಿ ತಡೆಯಿತು. ಇಂಥ ಫೈಲಿಗೆಲ್ಲ ಅದು ಹಾಗೇ ಕೂಗುತ್ತದೆ ಎಂದುಕೊಂಡ. ಆಂಟಿವೈರಸ್ಸನ್ನು ಆಫ್ ಮಾಡಿದ. ಅಡ್ಮಿನಿಸ್ಟ್ರೇಟರ್ ಆಗಿದ್ದರಿಂದ ಅದು ಮರುಮಾತಿಲ್ಲದೆ ಆಫ್ ಆಯಿತು. ಮತ್ತೆ ಕ್ಲಿಕ್ ಮಾಡಿದ. ಏನೂ ಆದಂತೆ ಕಾಣಲಿಲ್ಲ. ವಿಡಿಯೋ ಕೆಲಸವೂ ಆಗಲಿಲ್ಲ. ಬೇಸತ್ತು ಎದ್ದು ಸ್ನಾನಕ್ಕೆ ಹೋದ.

ಮಂಗಳವಾರ ಸಂಜೆ ಅವನು ಮನೆಗೆ ಬಂದಾಗ ಸಿದ್ದಲಕ್ಷ್ಮಮ್ಮ ಕಂಪ್ಯೂಟರ್ ಮುಂದೆ ಕೈಕಟ್ಟಿಕೊಂಡು ಕೂತಿದ್ದರು.

"ನಾಗೂ, ಇಲ್ಲಿ ಬಾ ಸ್ವಲ್ಪ. ನಾನು ಬರ್ದಿದ್ದೆಲ್ಲ ಬರೀ ಚೌಕ ಚೌಕ ಆಗಿ ಕಾಣ್ತೈತೆ."

ಅವನು ನಿಂತೇ ನೋಡಿದ. ಫಾಂಟ್ ಹೋಗಿರಬೇಕು ಎಂದುಕೊಂಡ. ಇನ್ನೊಂದು ಫೈಲ್ ತೆರೆದ, ಮತ್ತೊಂದು ತೆರೆದ. ಎಲ್ಲದರಲ್ಲೂ ಅದೇ ಚೌಕ, ಗೀಟು, ಅರ್ಥವಿಲ್ಲದ ಗುರುತು. ಅಮ್ಮನ ಅಕೌಂಟಿನಿಂದ ಹೊರಬಂದು ತನ್ನದಕ್ಕೆ ಹೋದ. ಅವನ ಪಾಠದ ನೋಟ್ಸೂ ಹಾಗೇ ಆಗಿತ್ತು. ತ್ರಿವೇಣಿಯ ಫೋಟೋಗಳು ಒಂದೂ ತೆರೆಯಲಿಲ್ಲ. ಆಂಟಿವೈರಸ್ ಇನ್ನೂ ಆಫ್ ಆಗಿಯೇ ಇತ್ತು. ಭಾನುವಾರ ಇಳಿಸಿದ ಆ ಚಿಕ್ಕ ಫೈಲನ್ನು ಹುಡುಕಿ ನೋಡಿದ. ಹತ್ತು ನಿಮಿಷದೊಳಗೆ ಅವನಿಗೆ ಎಲ್ಲವೂ ಗೊತ್ತಾಗಿತ್ತು. ಫೈಲುಗಳ ಒಳಗಿದ್ದುದನ್ನೇ ವೈರಸ್ ಅಳಿಸಿ ಕಸ ತುಂಬಿತ್ತು. ವಾಪಸ್ ತರುವ ದಾರಿ ಇರಲಿಲ್ಲ. ತಾನು ಲಿಮಿಟೆಡ್ ಅಕೌಂಟಿನಲ್ಲಿ ಕೂತಿದ್ದರೆ ತನ್ನ ಫೈಲಷ್ಟೇ ಹೋಗುತ್ತಿತ್ತು. ಮನೆಯವರದೆಲ್ಲ ಹೋಗಲು ದಾರಿ ಮಾಡಿಕೊಟ್ಟವನು ತಾನು.

ಅಷ್ಟರಲ್ಲಿ ತ್ರಿವೇಣಿಯೂ ಬಂದಳು. ಅವಳು ಸತ್ಯಮಂಗಲದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಇನ್ನೂ ಹೆಗಲ ಬ್ಯಾಗನ್ನು ಇಳಿಸಿರಲಿಲ್ಲ.

"ಏನಾಯ್ತು ರೀ?"

"ವೈರಸ್ಸು. ಎಲ್ಲಾ ಹೋಗಿದೆ."

"ಎಲ್ಲಾ ಅಂದ್ರೆ? ಅಪ್ಪನ ಫೋಟೋನೂ?"

ಅವನು ತಲೆಯಾಡಿಸಿದ. ತ್ರಿವೇಣಿಯ ತಂದೆ ಪುಟ್ಟರಂಗಯ್ಯ ತೀರಿಹೋಗಿ ಐದು ತಿಂಗಳಾಗಿತ್ತು. ಅದಕ್ಕೆ ಸ್ವಲ್ಪ ಮೊದಲು, ಅವಳ ತಮ್ಮನ ಮದುವೆಯಲ್ಲಿ, ಯಾರದೋ ಡಿಜಿಟಲ್ ಕ್ಯಾಮೆರಾ ಇಸಕೊಂಡು ತೆಗೆದ ಎಂಬತ್ತಕ್ಕೂ ಹೆಚ್ಚು ಫೋಟೋಗಳು ಈ ಕಂಪ್ಯೂಟರಿನಲ್ಲಿ ಮಾತ್ರ ಇದ್ದವು.

"ಎಲ್ಲಿಂದ ಬಂತು ಅದು?" ಎಂದು ಅವಳು ಕೇಳಿದಳು.

ನಾಗಭೂಷಣ್ ಬಾಯಿ ತೆರೆಯುವ ಮೊದಲು ಹಿಂದಿನಿಂದ ಸಿದ್ದಲಕ್ಷ್ಮಮ್ಮನ ದನಿ ಬಂತು.

"ನೆನ್ನೆ ನಾನು ಏನೋ ಒಂದು ಒತ್ತಿದೆ ಕಣೋ. ಒಂದು ಡಬ್ಬಿ ತರ ಬಂತು, ಇಂಗ್ಲಿಷಲ್ಲಿ ಏನೋ ಇತ್ತು. ಓದಕ್ಕೆ ಹೋಗ್ದೆ ಓಕೆ ಅಂದ್ಬುಟ್ಟೆ. ಅದರಿಂದ ಆಯ್ತಾ?"

ಇಬ್ಬರೂ ಅವನ ಕಡೆ ನೋಡುತ್ತಿದ್ದರು. ಇಲ್ಲಮ್ಮ, ನಾನು ಮಾಡಿದ್ದು ಎನ್ನಲು ಒಂದು ಉಸಿರು ಸಾಕಾಗಿತ್ತು. ಆ ಉಸಿರಿನಲ್ಲಿ ಅವನು ಹೇಳಿದ್ದು, "ಇರಬಹುದು."

ಅದೊಂದೇ ಮಾತು. ಆಮೇಲೆ ಅವನು ಪರದೆಯ ಕಡೆ ತಿರುಗಿ, ಏನೋ ಮಾಡುತ್ತಿರುವವನಂತೆ ಮೌಸ್ ಆಡಿಸಿದ. ನಾಳೆ ಸಮಾಧಾನವಾಗಿ ಹೇಳೋಣ ಎಂದುಕೊಂಡ. ಹಿಂದೆ ಅಮ್ಮ ಸೊಸೆಯ ಕೈ ಹಿಡಿದುಕೊಂಡಿದ್ದು ಪರದೆಯ ಗಾಜಿನಲ್ಲಿ ಮಸುಕಾಗಿ ಕಾಣುತ್ತಿತ್ತು.

"ನಿಮ್ಮಪ್ಪನ ಫೋಟೋ ನನ್ ಕೈಯಿಂದ ಹೋಯ್ತಲ್ಲಮ್ಮ. ನಂಗೆ ಯಾಕೆ ಬೇಕಿತ್ತು ಈ ವಯಸ್ಸಲ್ಲಿ ಇದು."

"ಬಿಡಿ ಅತ್ತೆ. ನೀವೇನು ಬೇಕು ಅಂತ ಮಾಡಿದ್ರಾ" ಎಂದಳು ತ್ರಿವೇಣಿ. ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಹಿತ್ತಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ಬಟ್ಟೆ ಒಗೆಯುವ ಸದ್ದು ಮಾತ್ರ ಬರಲಿಲ್ಲ.

ಮಾರನೆಯ ದಿನ ಅವನು ಹೇಳಲಿಲ್ಲ. ಅದರ ಮಾರನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು. ನೆನ್ನೆಯೇ ಯಾಕೆ ಹೇಳಲಿಲ್ಲ ಎಂಬುದಕ್ಕೂ ಈಗ ಉತ್ತರ ಬೇಕಿತ್ತು. ಅವನು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ. ಹಾಗೆ ಅಳಿಸುವಾಗ ಆ ಚಿಕ್ಕ ಫೈಲೂ ಅಳಿಸಿಹೋಯಿತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದಾಗ ಒಂದು ಕ್ಷಣ ಹಗುರವೆನಿಸಿತು. ಹಾಗೆ ಅನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸಿದ್ದಲಕ್ಷ್ಮಮ್ಮ ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ. ಹಳೆಯ ಟವಲ್ಲೊಂದನ್ನು ಅದರ ಮೇಲೆ ಹೊದಿಸಿದರು. ಹತ್ತು ಗಂಟೆಯಾದರೆ ಏನು ಮಾಡುವುದೆಂದು ತೋಚದೆ, ಆರಿಸಿದ ಅಕ್ಕಿಯನ್ನೇ ಇನ್ನೊಮ್ಮೆ ಆರಿಸುತ್ತಿದ್ದರು.

"ಮತ್ತೆ ಶುರು ಮಾಡಮ್ಮ. ಎಲ್ಲಾ ಸರಿ ಮಾಡಿದೀನಿ" ಎಂದು ಅವನು ಎರಡು ಸಲ ಹೇಳಿದ.

"ಬುಡು. ನನ್ ಕೈ ಸರಿ ಇಲ್ಲ" ಎಂದರು ಅವರು.

ಮೂವತ್ತೊಂದು ವರ್ಷ ಆ ಕೈಯನ್ನು ನಂಬಿ ಹೆಂಗಸರು ತಮ್ಮ ಜೀವ ಒಪ್ಪಿಸಿದ್ದರು. ಅಮ್ಮನೇ ಅದು ಸರಿ ಇಲ್ಲ ಎಂದದ್ದನ್ನು ಕೇಳಿಸಿಕೊಂಡು ಅವನು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದ.

ಆ ತಿಂಗಳು ತರಗತಿಯಲ್ಲಿ ಅಕೌಂಟುಗಳ ಪಾಠ ಬಂತು. ಸಂಜೆಯ ಬ್ಯಾಚಿನಲ್ಲಿ ಹನುಮಂತರಾಜು ಎಂಬುವರಿದ್ದರು. ಐವತ್ತರ ಹತ್ತಿರದವರು, ಯಾವುದೋ ಕಚೇರಿಯ ಗುಮಾಸ್ತರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಳ್ಳುತ್ತಿದ್ದರು. ಅವರು ಪೆನ್ನು ಎತ್ತಿ ಕೇಳಿದರು.

"ಸಾರ್, ಲಿಮಿಟೆಡ್ ಅಕೌಂಟಲ್ಲಿ ಕೂತವರು ತಪ್ಪಿ ಏನೋ ಒತ್ತಿದ್ರೆ ಬೇರೆಯವರ ಫೈಲು ಹೋಗುತ್ತಾ?"

"ಇಲ್ಲ."

"ಎಷ್ಟೇ ತಪ್ಪು ಒತ್ತಿದ್ರೂ?"

"ಎಷ್ಟೇ ಒತ್ತಿದ್ರೂ. ಅವರದಷ್ಟೇ ಹೋಗೋದು" ಎಂದ ನಾಗಭೂಷಣ್. ಹನುಮಂತರಾಜು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು. ಬೋರ್ಡಿನ ಕಡೆ ತಿರುಗಿದ ನಾಗಭೂಷಣನಿಗೆ ಮುಂದಿನ ವಾಕ್ಯ ಏನೆಂದು ನೆನಪಾಗಲಿಲ್ಲ. ತಲೆನೋವು ಎಂದು ಹೇಳಿ ಪಾಠವನ್ನು ಇಪ್ಪತ್ತು ನಿಮಿಷ ಮೊದಲೇ ಮುಗಿಸಿದ.

ಮೂರು ವಾರ ಕಳೆದ ಮೇಲೆ, ಒಂದು ಶನಿವಾರ, ಸಿದ್ದಲಕ್ಷ್ಮಮ್ಮ ತಾವು ಕುಣಿಗಲ್ಲಿಗೆ ಹೋಗಬೇಕು ಎಂದರು. ಅಲ್ಲಿ ಬಸವಲಿಂಗಮ್ಮ ಎಂಬುವರಿಗೆ ಅವರು ಒಂದು ಮಾತು ಕೊಟ್ಟಿದ್ದರು. ಬಸವಲಿಂಗಮ್ಮನ ಮಗಳ ಮದುವೆ ಮುಂದಿನ ತಿಂಗಳು. ಆ ಮಗಳು ಹುಟ್ಟಿದ ಕತೆಯನ್ನು ಬರೆದು, ಪ್ರಿಂಟ್ ಹಾಕಿಸಿ, ಮದುವೆಗೆ ಮೊದಲು ತಲುಪಿಸುತ್ತೇನೆ ಎಂದಿದ್ದರು. ಬರೆದೂ ಆಗಿತ್ತು. ಎಪ್ಪತ್ತೊಂದರಲ್ಲಿ ಅತ್ಯಂತ ಉದ್ದನೆಯದು ಅದೇ, ಮೂರೂವರೆ ಪುಟ.

"ಫೋನಲ್ಲಿ ಹೇಳಿದ್ರಾಯ್ತು ಬಿಡಮ್ಮ" ಎಂದ ನಾಗಭೂಷಣ್.

"ಅದೆಂಗಾಯ್ತದೆ. ಎದುರುಗಡೆ ಕೂತು ಹೇಳ್ಬೇಕು. ನನ್ನಿಂದ ತಪ್ಪಾಗೈತೆ."

ಅವರಿಗೆ ಮಂಡಿನೋವು. ಒಬ್ಬರನ್ನೇ ಬಸ್ಸಿನಲ್ಲಿ ಕಳಿಸುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವನೂ ಜೊತೆಗೆ ಹೊರಟ.

ಬಸವಲಿಂಗಮ್ಮನ ಮನೆ ಕುಣಿಗಲ್ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಹಳ್ಳಿ ಬಿಟ್ಟು ಪೇಟೆಗೆ ಬಂದು ಸುಮಾರು ವರ್ಷವಾಗಿತ್ತಂತೆ. ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು. ಹಜಾರದ ಒಂದು ಮೂಲೆಯಲ್ಲಿ ಮದುವೆ ಪತ್ರಿಕೆಗಳ ಕಟ್ಟು ಇತ್ತು. ಬಸವಲಿಂಗಮ್ಮ ನರ್ಸಮ್ಮನನ್ನು ನೋಡಿ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕಾಲು ಮುಟ್ಟಿದರು. ನಾಗಭೂಷಣನಿಗೆ ಕುರ್ಚಿ ಹಾಕಿದರು. ಸ್ಟೀಲ್ ಲೋಟದಲ್ಲಿ ಕಾಫಿ ಬಂತು.

"ತಂದ್ರಾ ನರ್ಸಮ್ಮ? ನನ್ ಮಗಳು ಅದೇ ಕೇಳ್ತಿದ್ಲು. ಅವರತ್ತೆ ಮನೇಲಿ ಎಲ್ಲಾರ್ಗೂ ಓದಿ ಹೇಳ್ತೀನಿ ಅಂತವಳೆ."

ಸಿದ್ದಲಕ್ಷ್ಮಮ್ಮ ಲೋಟ ಕೆಳಗಿಟ್ಟರು. "ತಂದಿಲ್ಲ ಕಣಮ್ಮ. ಎಲ್ಲಾ ಬರ್ದಿದ್ದೆ. ಆ ಗಾಡಿ, ಹುಣಿಸೆಮರ, ನಿಮ್ಮಾವ ಎಲ್ಲಾ. ಆಮೇಲೆ ಒಂದಿನ ಕಂಪ್ಯೂಟರಲ್ಲಿ ನಾನೇ ಏನೋ ಒತ್ತಿ ಕೆಡಿಸ್ಬುಟ್ಟೆ. ಪೂರಾ ಹೋಯ್ತು. ನನ್ ಮಗ ಎಷ್ಟು ಹೇಳ್ಕೊಟ್ಟಿದ್ದ, ನಂಗೇ ತಿಳಿಲಿಲ್ಲ."

ಬಸವಲಿಂಗಮ್ಮನ ಮುಖ ಸಣ್ಣಗಾಯಿತು. ಆದರೂ, "ಹೋಗ್ಲಿ ಬುಡಿ, ನೀವೇನು ಮಾಡಕ್ಕಾಯ್ತದೆ" ಎಂದರು. ಆಮೇಲೆ ನಾಗಭೂಷಣನ ಕಡೆ ತಿರುಗಿ ಆ ಹೆರಿಗೆಯ ಕತೆಯನ್ನು ತಾವೇ ಹೇಳತೊಡಗಿದರು. 1983ರಲ್ಲಿ ಸಿದ್ದಲಕ್ಷ್ಮಮ್ಮ ಜೊತೆಗಿದ್ದು ಅವರನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಕರೆತರುವಾಗ ದಾರಿಯಲ್ಲೇ ನೋವು ಹೆಚ್ಚಾಗಿ, ಮಟಮಟ ಮಧ್ಯಾಹ್ನ ಹುಣಿಸೆಮರದ ಕೆಳಗೆ ಗಾಡಿ ನಿಲ್ಲಿಸಬೇಕಾಯಿತು. ಗಾಡಿ ಹೊಡೆಯುತ್ತಿದ್ದವರು ಮಾವ ಚಿಕ್ಕಮಾರಯ್ಯ. ಅವರು ಈ ಕಡೆ ಬೆನ್ನು ಮಾಡಿ, ಎತ್ತುಗಳು ಅಲುಗಾಡದ ಹಾಗೆ ಮೂಗುದಾರ ಹಿಡಿದು, ಒಂದು ಗಂಟೆ ಅಲ್ಲಾಡದೆ ನಿಂತಿದ್ದರು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು.

"ನಿಮ್ಮಮ್ಮ ಅದನ್ನ ಬೆರಳಲ್ಲಿ ಹಿಂಗೆ ಬಿಡಿಸಿದ್ರು, ನೋಡಿ" ಎಂದು ಬಸವಲಿಂಗಮ್ಮ ತಮ್ಮ ತೋರುಬೆರಳನ್ನು ಬಾಗಿಸಿ ತೋರಿಸಿದರು. "ಒಂಚೂರೂ ನಡುಗ್ಲಿಲ್ಲ ಆ ಕೈ."

ನಾಗಭೂಷಣ್ ಕಾಫಿಯ ತಳ ನೋಡುತ್ತಾ ಕೂತಿದ್ದ. ಅಮ್ಮ ತಲೆ ತಗ್ಗಿಸಿಕೊಂಡಿದ್ದರು. ಹೊಗಳಿಕೆಗೆ ನಾಚಿಕೊಂಡು ತಗ್ಗಿಸಿದ ತಲೆಯಲ್ಲ ಅದು ಎಂದು ಅವನಿಗೆ ಗೊತ್ತಿತ್ತು. ಎದ್ದು, ಬರ್ತೀವಿ ಎಂದು ಕೈಮುಗಿದು ಹೊರಟ.

ಬಸ್‌ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ನಿಂತಿತ್ತು. ಹೊರಡಲು ಇನ್ನೂ ಹೊತ್ತಿತ್ತು. ಸಿದ್ದಲಕ್ಷ್ಮಮ್ಮ ಕಲ್ಲುಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ, "ಬೇಜಾರು ಮಾಡ್ಕೊಂಡ್ಲು ಪಾಪ. ತೋರಿಸ್ಕೊಳ್ಲಿಲ್ಲ ಅಷ್ಟೇ" ಎಂದರು.

ಅವನು ಅವರ ಪಕ್ಕ ಕೂತ. ಮುಖ ನೋಡದೆ ಎದುರಿನ ಬಸ್ಸಿನ ಬೋರ್ಡನ್ನು ನೋಡುತ್ತಾ ಹೇಳಿದ.

"ಅಮ್ಮ, ಅದು ನಿನ್ನಿಂದ ಆಗಿದ್ದಲ್ಲ."

"ಏನು?"

"ಕಂಪ್ಯೂಟರ್ ಕೆಟ್ಟಿದ್ದು. ನಾನು ಮಾಡಿದ್ದು. ಆ ಭಾನುವಾರ ನಾನೊಂದು ಕಳ್ಳ ಫೈಲ್ ತಂದು ಹಾಕ್ದೆ. ಹಾಕ್ಬೇಡ ಅಂತ ತಡೀತು. ತಡೆಯೋದನ್ನೇ ಆಫ್ ಮಾಡಿ ಹಾಕ್ದೆ. ನಿನ್ ಅಕೌಂಟಿಂದ ಅಂಥದ್ದು ಆಗೋಕೇ ಸಾಧ್ಯ ಇರ್ಲಿಲ್ಲ. ಅವತ್ತೇ ಗೊತ್ತಿತ್ತು ನಂಗೆ."

ಸಿದ್ದಲಕ್ಷ್ಮಮ್ಮನ ಕೈ ಮಂಡಿಯ ಮೇಲೆ ನಿಂತಿತು. ಕಡಲೆಕಾಯಿ ಮಾರುವವಳೊಬ್ಬಳು ಬಂದು ಕೇಳಿ, ಉತ್ತರ ಸಿಗದೆ ಮುಂದೆ ಹೋದಳು.

"ಅವತ್ತೇ ಗೊತ್ತಿತ್ತಾ?"

"ಹೂಂ."

"ನಾನು ತ್ರಿವೇಣಿ ಕೈ ಹಿಡ್ಕಂಡು ಕೇಳ್ಕಂಡಾಗ?"

"ಗೊತ್ತಿತ್ತು."

"ಈಗ ಅವಳ ಮನೇಲಿ ಕೂತಿದ್ದಾಗ?"

ಅವನು ಚಪ್ಪಲಿಯ ತುದಿಯಿಂದ ನೆಲ ಕೆರೆದ.

"ಮೂರು ವಾರ ಕಣೋ," ಎಂದರು ಸಿದ್ದಲಕ್ಷ್ಮಮ್ಮ. ದನಿ ಏರಿರಲಿಲ್ಲ. "ಮಲಗಿದ್ರೂ ಎದ್ರೂ ಅದೇ. ಯಾವ್ದು ಒತ್ತಿದೆ, ಎಡಗಡೇದಾ ಬಲಗಡೇದಾ, ಆ ಡಬ್ಬೀಲಿ ಏನಿತ್ತು ಅಂತ. ಒಂದೊಂದು ಬೆರಳೂ ಜ್ಞಾಪಿಸ್ಕೊಂಡಿದೀನಿ. ನಂಗೆ ಅರಳುಮರಳು ಶುರುವಾಯ್ತೇನೋ ಅಂತ ಹೆದರಿದೀನಿ. ನೀನು ಕೆಡಿಸ್ತೀನಿ ಅಂದ್ರೂ ಆಗಲ್ಲ ಅಂತ ನೀನೇ ಹೇಳಿದ್ದೆ. ಅದನ್ನೂ ನಂಬ್ದೆ. ಇರಬಹುದು ಅಂದೆಯಲ್ಲ, ಅದನ್ನೂ ನಂಬ್ದೆ. ಎರಡೂ ಒಟ್ಟಿಗೆ ನಿಜ ಆಗಲ್ಲ ಅಂತ ನನಗೆ ಹೊಳೀಲೇ ಇಲ್ಲ."

"ತಪ್ಪಾಯ್ತಮ್ಮ."

"ಫೈಲ್ ಹೋಗಿದ್ದು ತಪ್ಪು. ಆಸ್ಪತ್ರೇಲಿ ನಾವೂ ತಪ್ಪು ಮಾಡಿದೀವಿ. ಇದು ತಪ್ಪಲ್ಲ, ಬೇರೆ." ಅದಕ್ಕೆ ಸರಿಯಾದ ಪದ ಹುಡುಕುವವರಂತೆ ಅವರು ನಿಲ್ಲಿಸಿದರು. ಸಿಗಲಿಲ್ಲವೋ, ಸಿಕ್ಕಿಯೂ ಆಡಬಾರದು ಅನಿಸಿತೋ, ಬೆಂಚಿಗೆ ಕೈ ಊರಿ ಎದ್ದರು. "ನಡಿ."

"ಬಸ್ ಇನ್ನೂ ಹೊರಡಲ್ಲ."

"ಬಸ್ಸಿಗಲ್ಲ. ಬಸವಲಿಂಗಮ್ಮನ ಮನೆಗೆ. ನಾನು ಅಲ್ಲಿ ಸುಳ್ಳು ಹೇಳಿ ಬಂದಿದೀನಿ. ನೀನು ಹೇಳಿಸ್ದೆ."

ಅವರು ಮುಂದೆ, ಅವನು ಹಿಂದೆ ನಡೆದರು. ಮಂಡಿ ನೋಯುತ್ತಿದ್ದರೂ ಅವರು ಅವನ ಕೈ ಹಿಡಿಯಲಿಲ್ಲ. ಬಂದ ದಾರಿಯೇ ಆದರೂ ಅವನಿಗೆ ಬಹಳ ಉದ್ದವೆನಿಸಿತು. ಬಸವಲಿಂಗಮ್ಮ ಬಾಗಿಲಲ್ಲಿ ನಿಂತು, ಏನೋ ಮರೆತು ಹೋದಿರೇನೋ ಎಂಬಂತೆ ನೋಡಿದರು. ಸುಣ್ಣ ಹೊಡೆಯುವವರಿಬ್ಬರು ಏಣಿಯ ಮೇಲಿದ್ದರು. ನಾಗಭೂಷಣ್ ಅವರೆಲ್ಲರ ಎದುರಿಗೇ ಹೇಳಬೇಕಾಯಿತು. ಬರವಣಿಗೆ ಕೆಡಿಸಿದ್ದು ಅಮ್ಮನಲ್ಲ, ತಾನು. ತಪ್ಪು ಅಮ್ಮನ ಮೇಲೆ ಹೋಗಲಿ ಎಂದು ಸುಮ್ಮನಿದ್ದವನೂ ತಾನೇ.

ಬಸವಲಿಂಗಮ್ಮನಿಗೆ ಕಂಪ್ಯೂಟರಿನ ಮಾತು ಅರ್ಥವಾಗಲಿಲ್ಲ. ಎರಡನೆಯ ಮಾತು ಅರ್ಥವಾಯಿತು. ಅವರು ಅವನನ್ನು ಒಮ್ಮೆ ನೋಡಿ, ಸಿದ್ದಲಕ್ಷ್ಮಮ್ಮನ ಕಡೆ ತಿರುಗಿದರು.

"ಹಂಗಾದ್ರೆ ನಿಮ್ ಕೈಗೆ ಏನೂ ಆಗಿಲ್ಲ. ಮದುವೆಗೆ ಇನ್ನೂ ಹದಿನೆಂಟು ದಿನ ಐತೆ ನರ್ಸಮ್ಮ. ಇನ್ನೊಂದ್ಸಲ ಬರ್ಕೊಡಿ."

ಅವನಿಗೆ ಅವರು ಈ ಸಲ ಕುರ್ಚಿ ಹಾಕಲಿಲ್ಲ.

ಅದೇ ಸಂಜೆ ತ್ರಿವೇಣಿಗೆ ಹೇಳಿದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ತ್ರಿವೇಣಿ ಪೂರ್ತಿ ಕೇಳಿದ ಮೇಲೆ, "ಅತ್ತೆ ಮೇಲೆ ನಂಗೆ ಒಳಗೊಳಗೇ ಸಿಟ್ಟಿತ್ತು ರೀ" ಎಂದಳು. "ಬಾಯಲ್ಲಿ ಬಿಡಿ ಅಂತಿದ್ದೆ. ಒಳಗೆ ಬಿಟ್ಟಿರಲಿಲ್ಲ. ಅವರು ಕಾಫಿ ತಂದುಕೊಟ್ರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಅದನ್ನೂ ನೀವು ನೋಡ್ತಾ ಇದ್ರಿ."

ಹೌದು, ಅವನು ಅದನ್ನು ನೋಡುತ್ತಿದ್ದ.

ಅವಳು ನಾಲ್ಕು ದಿನ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು. ಐದನೆಯ ದಿನ ಅವನ ಹತ್ತಿರ ಬಂದು, "ಇದು ಮತ್ತೆ ಆಗದೇ ಇರೋಕೆ ಏನು ಮಾಡ್ಬೇಕು, ಹೇಳಿ" ಎಂದಳು. ಅವನು ತರಗತಿಯಲ್ಲಿ ಹೇಳುವುದನ್ನೇ ಹೇಳಿದ. ಅವಳು ಪಕ್ಕದಲ್ಲಿ ಕೂತು ಅದನ್ನೆಲ್ಲ ಅವನ ಕೈಯಲ್ಲೇ ಮಾಡಿಸಿದಳು. ನಾಗಭೂಷಣ್ ಎಂಬ ಅಕೌಂಟ್ ಲಿಮಿಟೆಡ್ ಆಯಿತು. ಅಡ್ಮಿನಿಸ್ಟ್ರೇಟರಿಗೆ ಬೇರೆ ಅಕೌಂಟ್ ಆಯಿತು. ಅದರ ಪಾಸ್‌ವರ್ಡನ್ನು ಅವನ ಮುಖ ಆ ಕಡೆ ತಿರುಗಿಸಿ ಅವಳೇ ಹಾಕಿದಳು. ಏನಾದರೂ ಹೊಸದು ಹಾಕಬೇಕಾದರೆ ಏನು, ಎಲ್ಲಿಂದ ಎಂದು ಅವಳಿಗೆ ಹೇಳಬೇಕು, ಅವಳು ಬಂದು ಟೈಪ್ ಮಾಡಬೇಕು. ಊರಿಗೆಲ್ಲ ಕಂಪ್ಯೂಟರ್ ಸರಿಮಾಡುವವನು ತನ್ನ ಮನೆಯ ಕಂಪ್ಯೂಟರಿಗೆ ಹೀಗೆ ಅಪ್ಪಣೆ ಕೇಳಬೇಕಾಯಿತು. ಅವನು ಎದುರಾಡಲಿಲ್ಲ. ಶನಿವಾರಕ್ಕೊಮ್ಮೆ ಎಲ್ಲವನ್ನೂ ಸಿಡಿಗೆ ಹಾಕಿ, ಮೇಲೆ ತಾರೀಕು ಬರೆದು ಅಮ್ಮನ ಬೀರುವಿನಲ್ಲಿಡುವುದು ಅವನ ಕೆಲಸವಾಯಿತು.

ಗುಬ್ಬಿ ಕಡೆಯ ನಾಲ್ಕು ಹಳ್ಳಿಗಳಿಗೆ ಸ್ಕೂಟರಿನಲ್ಲಿ ಹೋಗಿ, ಆ ಹೆಂಗಸರು ಒಯ್ದಿದ್ದ ಪುಟಗಳನ್ನು ಕೇಳಿ ಪಡೆದು, ಗುಬ್ಬಿಯಲ್ಲಿ ಜೆರಾಕ್ಸ್ ಮಾಡಿಸಿ ಹಿಂದಿರುಗಿಸಿ ಬಂದ. ಗಿರಿಯಮ್ಮ ಎಂಬುವರು ತಮ್ಮ ಪುಟಕ್ಕೆ ಗಾಜು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದರು. ಮೊಳೆ ಕಿತ್ತು ಬಿಚ್ಚಿಕೊಡಲು ಒಪ್ಪಲಿಲ್ಲ. ಅವನು ಗೋಡೆಯ ಮುಂದೆ ನಿಂತೇ ಕಾಗದದ ಮೇಲೆ ಬರೆದುಕೊಂಡ. ಎಪ್ಪತ್ತೊಂದರಲ್ಲಿ ನಾಲ್ಕು ಹೀಗೆ ಉಳಿದವು. ತ್ರಿವೇಣಿಯ ತಮ್ಮನ ಹತ್ತಿರ ಸ್ಟುಡಿಯೋದವರು ತೆಗೆದ ಮದುವೆ ಆಲ್ಬಂ ಇತ್ತು. ಅದರಲ್ಲಿ ಪುಟ್ಟರಂಗಯ್ಯ ಆರು ಫೋಟೋಗಳಲ್ಲಿದ್ದರು, ಎರಡರಲ್ಲಿ ಮುಖ ಪೂರ್ತಿ ಕಾಣುತ್ತಿರಲಿಲ್ಲ.

ಸಿದ್ದಲಕ್ಷ್ಮಮ್ಮ ಕುಣಿಗಲ್ಲಿನಿಂದ ಬಂದ ಮಾರನೆಯ ದಿನವೇ ಟವಲ್ ತೆಗೆದು ಕೂತಿದ್ದರು. ಬಸವಲಿಂಗಮ್ಮನ ಹೆರಿಗೆಯನ್ನು ಮತ್ತೆ ಬರೆದರು. ಬರೆದು ಅಳಿಸಿ, ಬರೆದು ಅಳಿಸಿ, ಹನ್ನೆರಡು ದಿನ ಹಿಡಿಯಿತು. ಮದುವೆಗೆ ಮೊದಲೇ ಅದನ್ನು ನಾಗಭೂಷಣ್ ತಾನೇ ಕುಣಿಗಲ್ಲಿಗೆ ಒಯ್ದು ಕೊಟ್ಟ. ಎರಡು ಪುಟವಿತ್ತು.

"ಮೊದಲಿನದರಲ್ಲಿ ಇನ್ನೂ ಏನೇನೋ ಇತ್ತು" ಎಂದಿದ್ದರು ಸಿದ್ದಲಕ್ಷ್ಮಮ್ಮ, ಪ್ರಿಂಟ್ ಆದದ್ದನ್ನು ಓದಿ. "ಅವಳ ಮಾವನ ಬಗ್ಗೆ ಬರ್ದಿದ್ ಕಡೆ ಒಂದು ಮಾತು ಚೆನ್ನಾಗಿ ಬಂದಿತ್ತು. ಏನದು ಅಂತ ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ." ಅವನನ್ನು ಚುಚ್ಚಲು ಆಡಿದ ಮಾತಲ್ಲ ಅದು. ಬರೆಯುವವರು ಆಡಿಕೊಳ್ಳುವ ಮಾತು. ಅವನು ಕಾಗದವನ್ನು ಕವರಿನೊಳಗೆ ಹಾಕುತ್ತಾ ನಿಂತಿದ್ದ.

ಏಪ್ರಿಲ್‌ನಲ್ಲಿ ಹೊಸ ಬ್ಯಾಚ್ ಶುರುವಾಯಿತು. ಅಕೌಂಟುಗಳ ಪಾಠ ಬಂದ ದಿನ ಅವನು ಸೀಮೆಸುಣ್ಣ ಕೆಳಗಿಟ್ಟು, ಇದನ್ನು ಪಾಲಿಸದೆ ತಾನೇ ಹಾಳಾದ ಕತೆಯನ್ನು ಹೇಳಿದ. ಮೇಷ್ಟ್ರು ತಮ್ಮ ತಪ್ಪು ಹೇಳಿಕೊಳ್ಳುವುದನ್ನು ಬ್ಯಾಚಿನವರು ಆಸಕ್ತಿಯಿಂದ ಕೇಳಿದರು. ಕಳ್ಳ ಫೈಲು, ಕೆಂಪು ಚೌಕ, ಆಂಟಿವೈರಸ್ ಆಫ್ ಮಾಡಿದ್ದು, ಮನೆಯವರ ಫೈಲೆಲ್ಲ ಕಸವಾದದ್ದು, ಎಲ್ಲವನ್ನೂ ಹೇಳಿದ. ಇಷ್ಟು ಹೇಳುವುದು ಅವನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

"ಮನೇಲಿ ಬೈದ್ರಾ ಸಾರ್?" ಎಂದು ಮುಂದಿನ ಸಾಲಿನ ಒಬ್ಬಳು ಕೇಳಿದಳು.

"ಬೈದ್ರು" ಎಂದ.

ಅದರ ಮುಂದಿನದನ್ನು, ತಪ್ಪು ಅಮ್ಮನ ಮೇಲೆ ಹೋಗಲು ಬಿಟ್ಟದ್ದನ್ನು, ಹೇಳಬೇಕು ಎಂದು ಅವನು ಮನಸ್ಸು ಮಾಡಿಕೊಂಡು ಬಂದಿದ್ದ. ಇಪ್ಪತ್ತಾರು ಮುಖಗಳು ಅವನನ್ನೇ ನೋಡುತ್ತಿದ್ದವು. ಅವನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದ. ಆ ಬ್ಯಾಚಿಗೂ ಹೇಳಲಿಲ್ಲ, ಆಮೇಲೆ ಬಂದ ಯಾವ ಬ್ಯಾಚಿಗೂ ಹೇಳಲಿಲ್ಲ.